ಕೈ ತೊಳೆಯುವ ನಲ್ಲಿ

ಭಟ್ಟಿ ಸಾಲಿನ ಹೊಗೆಯಲ್ಲಿ ಬೆಳೆದವಳು ನಾನು.
ಭತ್ತದ ಹೊಟ್ಟು, ಹಳೇ ಟೈರು, ಕಟ್ಟಿಗೆ ಚಕ್ಕೆ,
ಉರಿಯುವುದೆಲ್ಲ ಒಲೆಗೆ ಅನ್ನ ಅಂತ ಅವ್ವನ ಲೆಕ್ಕ.
‘ಪರ್ಯಾಯ ಇಂಧನ ವಾಹನ ತಂತ್ರಜ್ಞೆ’ ಎಂದು
ಕೋರ್ಸಿನ ಹೆಸರು ನಾನು ಓದಿ ಹೇಳಿದಾಗ
ಮಂಡಕ್ಕಿ ಜರಡಿ ನಿಲ್ಲಿಸದೆ ಅಂದಳು ಕೊಟ್ರಮ್ಮ:
‘ಅದನ್ನ ನಾ ಇಪ್ಪತ್ತು ವರ್ಷದಿಂದ ಮಾಡಾಕತ್ತೀನಿ,
ಸರ್ಟಿಫಿಕೇಟ್ ಯಾರೂ ಕೊಡಲಿಲ್ಲ.’

ಶಾಲೆ ನೋಡಲು ಜೊತೆಗೆ ಬಂದವರು ದಸ್ತಗೀರ್ ಸಾಬರು.
ಉದ್ದನೆ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೊತ್ತಿ
ಹಿಡಿಕೆ ಕಿವಿಗಿಟ್ಟು, ಕಣ್ಣು ಮುಚ್ಚಿ,
‘ಮೂರನೇ ಇಂಜೆಕ್ಟರ್ ಅಳ್ತೈತಿ’ ಎನ್ನುವವರು.
ಅವರ ಗ್ಯಾರೇಜಿನಲ್ಲಿ ಎರಡು ವರ್ಷ
ಕೇಳುವ ಮೊದಲೇ ಹದಿಮೂರರ ಸ್ಪ್ಯಾನರ್ ಕೊಟ್ಟಿದ್ದೇನೆ.

ಮೊದಲನೆಯದು ಪಿ.ಬಿ. ರಸ್ತೆಯಲ್ಲಿ, ಮೂರನೇ ಮಹಡಿ.
ಕಾರು ಮೇಲೆ ಹತ್ತುವುದು ಹೇಗೆಂದು ನಾನು ಯೋಚಿಸುತ್ತಿದ್ದೆ;
ಹತ್ತಿರಲಿಲ್ಲ. ಗೋಡೆಯ ಮೇಲೆ ಅದರ ಚಿತ್ರವಿತ್ತು.
ಟೈ ಕಟ್ಟಿದವರು ತಣ್ಣಗಿನ ನೀರು ಕೊಟ್ಟು
ನೂರಕ್ಕೆ ನೂರು ಕೆಲಸ, ತೊಂಬತ್ತು ಸಾವಿರ ಎಂದರು,
ಎರಡನ್ನೂ ಒಂದೇ ಉಸಿರಿನಲ್ಲಿ.
ಸಾಬರು ಒಂದೇ ಮಾತು ಕೇಳಿದರು:
‘ಹುಡುಗರು ಕೈ ತೊಳೆಯೋ ನಲ್ಲಿ ಎಲ್ಲಿ ಸಾರ್?’
ಅವರು ಶೌಚಾಲಯದ ಕಡೆ ಬೆರಳು ತೋರಿಸಿದರು.
ಸೋಪು ರ‍್ಯಾಪರಿನಲ್ಲೇ ಇತ್ತು.
ನಾವು ಮೆಟ್ಟಿಲಿಳಿದೆವು.

ಎರಡನೆಯದು ದುರ್ಗದಲ್ಲಿ, ಸರ್ಕಾರದ್ದು.
ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಯಂತ್ರಗಳು
ಅವಸರವಿಲ್ಲದೆ ಕರೆಂಟು ಅರೆಯುತ್ತಿದ್ದವು.
ಒಳಗೆ ನಲ್ಲಿಯ ಸುತ್ತ ಗ್ರೀಸಿನ ಕಪ್ಪು, ಸೀಮೆಎಣ್ಣೆ ಡಬ್ಬಿ,
ಮರದ ಪುಡಿ. ಸಾಬರ ಮುಖ ಅರಳಿತು.
ಹೊಟ್ಟೆ ಸೀಳಿಟ್ಟ ಡೀಸೆಲ್ ಎಂಜಿನ್, ಒಂದು ಗ್ಯಾಸ್ ಕಿಟ್.
‘ಬ್ಯಾಟರಿ ಗಾಡಿ?’ ಎಂದೆ.
‘ಮುಂದಿನ ವರ್ಷ ಬರುತ್ತಮ್ಮ’ ಎಂದ ಮೇಷ್ಟ್ರು
ಸ್ವಲ್ಪ ಹೊತ್ತು ಬಿಟ್ಟು, ಯಾರೂ ಒತ್ತಾಯಿಸದೆ, ಸೇರಿಸಿದರು:
‘ಹೋದ ವರ್ಷವೂ ಇದನ್ನೇ ಹೇಳಿದ್ದೆ.’
ಆ ಮಾತಿಗಾಗಿಯೇ ಅಲ್ಲಿ ಸೇರಿಬಿಡಬೇಕು ಅನ್ನಿಸಿತು.

ಮೂರನೆಯದು ಹರಿಹರದ ಹೊರಗೆ, ತಗಡಿನ ಶೆಡ್ಡು.
ನಲ್ಲಿ ಬೆಳ್ಳಗಿತ್ತು.
ಸಾಬರು ನನ್ನ ಕಡೆ ತಿರುಗಿದರು: ಮುಗಿಯಿತು, ಹೋಗೋಣ.
ಆದರೆ ಶೆಡ್ಡಿನ ನಡುವೆ ಬಿಚ್ಚಿದ ಬ್ಯಾಟರಿ,
ಕಿತ್ತಳೆ ಬಣ್ಣದ ದಪ್ಪ ವೈರು, ಸುತ್ತ ಹಗ್ಗದ ಬೇಲಿ.
ಚೈತ್ರಾಂಬ ಮೇಡಂ ಕಲಿಸುತ್ತಿದ್ದರು. ಕೈಗೆ ಮಸಿಯಿಲ್ಲ.
ಈ ಕೆಲಸದಲ್ಲಿ ಕೈ ಕಪ್ಪಾಗುವುದಿಲ್ಲ, ಎಂದರು,
ತಪ್ಪು ಮಾಡಿದವರದ್ದು ಮಾತ್ರ ಆಗುತ್ತೆ.

ಸಾಬರು ಬಗ್ಗಿ ಕಿವಿ ಕೊಟ್ಟರು.
ಅಲ್ಲಿ ಏನೂ ಇರಲಿಲ್ಲ. ನಾನೂರು ವೋಲ್ಟು,
ಉಸಿರೂ ಬಿಡದೆ ಮಲಗಿತ್ತು.
ನಲವತ್ತು ವರ್ಷದ ಕಿವಿ ಖಾಲಿ ಕೈಯಲ್ಲಿ ಎದ್ದು ನಿಂತಿತು.
ಇನ್ನು ಕೇಳುವುದು ನನ್ನ ಪಾಳಿ.

‘ಕರೆಂಟು ಸತ್ತಿದೆ ಅಂತ ಹೆಂಗೆ ಗೊತ್ತಾಗುತ್ತೆ ಮೇಡಂ?’
‘ಮೀಟರ್ ಇಟ್ಟು ನೋಡು.’
‘ಮೀಟರೇ ಕೆಟ್ಟಿದ್ದರೆ?’
ಅವರು ಆಗ ನನ್ನ ಹೆಸರು ಕೇಳಿದರು.
ಕುರ್ಚಿ ಎಳೆದರು.

ಇಪ್ಪತ್ತಾರು ಸಾವಿರ. ಮೂರು ಕಂತು.
ಅವ್ವನ ಜರಡಿ ಎಷ್ಟು ಸಲ ಅಲುಗಿದರೆ ಒಂದು ಕಂತು,
ಗುಣಿಸಿದೆ, ಬಿಟ್ಟೆ, ಮತ್ತೆ ಗುಣಿಸಿದೆ.
ಅರ್ಜಿ ಬ್ಯಾಗಿನಲ್ಲಿ ಮಡಿಚಿಟ್ಟಿದ್ದೇನೆ,
ಪೋಷಕರ ಉದ್ಯೋಗ ಎಂಬಲ್ಲಿ ಏನು ಬರೆಯಬೇಕೋ.

ವಾಪಸು ಬಸ್ಸಿನಲ್ಲಿ ಸಾಬರು ಮಾತಾಡಲಿಲ್ಲ.
ಮೇಡಂ ಕೊಟ್ಟಿದ್ದ ರಬ್ಬರ್ ಕೈಗವಸು ಅವರ ತೊಡೆ ಮೇಲಿತ್ತು,
ತೂತು ಬಿದ್ದು ಎಸೆಯಬೇಕಾಗಿದ್ದದ್ದು,
‘ಎಲ್ಲಿ ಅಂತ ಮನೆಯಲ್ಲಿ ಹುಡುಕು’ ಎಂದು ನನಗೆ ಕೊಟ್ಟದ್ದು.
ದೊಡ್ಡ ಸೇತುವೆ ದಾಟಿದ ಮೇಲೆ ಅದನ್ನೆತ್ತಿ
ಬಾಯಿ ಸುತ್ತಿ ಗಾಳಿ ಹಿಡಿದರು;
ಐದು ಬೆರಳು ಉಬ್ಬಿ ನಿಂತವು.
ಮುಂದಿನ ಸೀಟಿನ ಮಗು ನಕ್ಕಿತು.
ಬಸ್ಸಿನ ಗಡಗಡದಲ್ಲಿ, ಕಂಡಕ್ಟರನ ಸೀಟಿಯಲ್ಲಿ
ಸಾಬರು ಅದನ್ನು ಕಿವಿಗೆ ತಂದು ಕಣ್ಣು ಮುಚ್ಚಿದರು.

‘ಉಂಗುರದ ಬೆರಳು,’ ಎಂದರು. ‘ಬುಡದಾಗ.’